ನಕ್ಷತ್ರಗಳ ಸಾಕ್ಷಿ ಎಷ್ಟು ನಂಬಲರ್ಹ?

ಮದುವೆಯ ಚಿತ್ರಗಳು, ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಈಗ ಇಲ್ಲದ ಅಜ್ಜಿಯ ದನಿ - ಒಂದು ಮನೆಯ ನೆನಪುಗಳೆಲ್ಲ ಇಂದು ಹೆಬ್ಬೆರಳ ಗಾತ್ರದ ಪೆನ್‌ಡ್ರೈವ್‌ನಲ್ಲಿ ಅಡಗಿರುತ್ತವೆ. ಅಂತರಜಾಲದ ಅಂಗಡಿಯಲ್ಲಿ ಅಂಥದೊಂದನ್ನು ಹುಡುಕಹೊರಟವರ ಕಣ್ಣಿಗೆ ‘2 ಟೆರಾಬೈಟ್, ಕೆಲವೇ ನೂರು ರೂಪಾಯಿ’ ಎಂಬ ಜಾಹೀರಾತು ಬೀಳುವುದುಂಟು. ಅದರ ಕೆಳಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ, ನೂರಾರು ಮೆಚ್ಚುಗೆಯ ಮಾತು. ಇಷ್ಟು ಜನ ಹೊಗಳಿದ ಮೇಲೆ ಅನುಮಾನವೇಕೆ ಎಂದು ಕೊಳ್ಳುತ್ತಾರೆ. ಮೋಸ ಹೋದದ್ದು ಗೊತ್ತಾಗುವುದು ತಿಂಗಳುಗಳ ನಂತರ, ಹಳೆಯ ಚಿತ್ರವೊಂದನ್ನು ತೆರೆದಾಗ.

ಈ ಮೋಸದ ಬಗೆಯನ್ನು ತಿಳಿಯಲು ಪೆನ್‌ಡ್ರೈವ್‌ನ ಒಳಗನ್ನು ಸ್ವಲ್ಪ ನೋಡಬೇಕು. ಅದರಲ್ಲಿ ಮುಖ್ಯವಾದವು ಎರಡು ಭಾಗಗಳು. ಮಾಹಿತಿಯನ್ನು ಹಿಡಿದಿಡುವ ಮೆಮೊರಿ ಚಿಪ್ ಒಂದು. ಅದರ ಲೆಕ್ಕ ನೋಡಿಕೊಳ್ಳುವ ಕಂಟ್ರೋಲರ್ ಇನ್ನೊಂದು. ಎಷ್ಟು ಜಾಗವಿದೆ ಎಂದು ಕಂಪ್ಯೂಟರು ಕೇಳುವುದು ಕಂಟ್ರೋಲರನ್ನು. ಉಗ್ರಾಣಕ್ಕೆ ಕಾಲಿಡದೆ ಗುಮಾಸ್ತನ ಮಾತು ನಂಬುವ ಯಜಮಾನನಂತೆ, ಬಂದ ಉತ್ತರವನ್ನು ಅದು ಹಾಗೆಯೇ ಒಪ್ಪಿಕೊಳ್ಳುತ್ತದೆ. ನಕಲಿ ಮಾಲು ತಯಾರಿಸುವವರು 32 ಗಿಗಾಬೈಟ್‌ನ ಚಿಪ್ ಇಟ್ಟು, ಅದಕ್ಕೆ ಅರವತ್ತು ಪಟ್ಟಿಗೂ ಹೆಚ್ಚಾದ 2 ಟೆರಾಬೈಟ್ ಎಂದು ಹೇಳುವಂತೆ ಕಂಟ್ರೋಲರನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಹೊಸ ಮಾಹಿತಿ ಹಳೆಯದರ ಮೇಲೆಯೇ ಕೂರುತ್ತದೆ, ಇಲ್ಲವೇ ಎಲ್ಲಿಯೂ ದಾಖಲಾಗದೆ ಮಾಯವಾಗುತ್ತದೆ. ಕಡತಗಳ ಹೆಸರು ಮಾತ್ರ ಪಟ್ಟಿಯಲ್ಲಿ ಕಾಣುತ್ತಲೇ ಇರಬಹುದು. ತೆರೆದರೆ ಒಳಗೆ ಏನೂ ಇರುವುದಿಲ್ಲ.

ಹಾಗಾದರೆ ಆ ನಕ್ಷತ್ರಗಳೆಲ್ಲ ಸುಳ್ಳೇ? ಕೆಲವು ಹಣ ಕೊಟ್ಟು ಬರೆಸಿದವೇ ಇರಬಹುದು. ಆದರೆ ಹಲವು ಪ್ರಾಮಾಣಿಕವಾದವೇ, ತೊಂದರೆ ಇರುವುದು ಅಲ್ಲಿಯೇ. ಪೊಟ್ಟಣ ಬಿಚ್ಚಿ, ಹತ್ತು ಹಾಡು ತುಂಬಿಸಿ, ಕೇಳಿ ಸಂತೋಷಪಟ್ಟವರು ಅಂದೇ ಐದು ನಕ್ಷತ್ರ ಕೊಡುತ್ತಾರೆ. ಮಾಲಿನ ದೋಷ ಹೊರಬೀಳುವ ಹೊತ್ತಿಗೆ ವಾಪಸು ಕೊಡುವ ಅವಧಿ ಮುಗಿದಿರುತ್ತದೆ, ಮಾರಿದವನ ಹೆಸರು ಬದಲಾಗಿರುತ್ತದೆ. ಮೊದಲ ದಿನದ ಸಾಕ್ಷಿ ಮೊದಲ ದಿನದ ಮಟ್ಟಿಗೆ ಮಾತ್ರ ಸತ್ಯ.

ಕಾಣದ ಮಾಲಿನ ಈ ಸಮಸ್ಯೆ ಅಂತರಜಾಲದೊಡನೆ ಹುಟ್ಟಿದ್ದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಿದ್ದರು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಸಾಧಾರಣ ಬೆಲೆಯನ್ನಷ್ಟೇ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆ ಗಿಟ್ಟದ ಒಳ್ಳೆಯ ಕಾರಿನ ಒಡೆಯ ಮಾರುಕಟ್ಟೆ ಬಿಡುತ್ತಾನೆ. ಉಳಿಯುವುದು ಕೆಟ್ಟ ಕಾರುಗಳೇ. ಗ್ಯಾರಂಟಿ, ಹೆಸರಾದ ಮುದ್ರೆ, ಪರವಾನಗಿಗಳೆಲ್ಲ ಈ ಕುಸಿತವನ್ನು ತಡೆಯಲೆಂದು ಸಮಾಜ ಕಂಡುಕೊಂಡ ಉಪಾಯಗಳು ಎಂಬುದು ಅವರ ವಾದ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂತು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಕೊಳ್ಳುವವರಿಗೆ ಇನ್ನೊಂದು ರಕ್ಷಣೆಯಿದೆ. ಮಾಲನ್ನು ಕೈಯಲ್ಲಿ ಹಿಡಿದು, ಕರೆಂಟಿಗೆ ಹಾಕಿಸಿ ನೋಡಬಹುದು. ಕೆಟ್ಟರೆ ನಾಳೆ ಅದೇ ಅಂಗಡಿಯ ಮುಂದೆ ಹೋಗಿ ನಿಲ್ಲಬಹುದು. ಅಂಗಡಿಗೆ ವಿಳಾಸವಿದೆ ಎಂಬುದೇ ಅಲ್ಲಿ ಅರ್ಧ ಗ್ಯಾರಂಟಿ. ಅಂತರಜಾಲದಲ್ಲಿ ಮಾಯವಾದದ್ದು ಈ ವಿಳಾಸ.

ಅದರ ಬದಲಿಗೆ ಬಂದದ್ದು ಗಿರಾಕಿಗಳ ಸಾಕ್ಷಿ. 1995ರಲ್ಲಿ ಪಿಯರ್ ಒಮಿಡ್ಯಾರ್ ಅಮೆರಿಕದಲ್ಲಿ ಆರಂಭಿಸಿದ, ಮುಂದೆ ಇಬೇ ಎಂದು ಹೆಸರಾದ ಹರಾಜುಕಟ್ಟೆಯಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಅಪರಿಚಿತರು ಪರಸ್ಪರ ನಂಬಲೆಂದು 1996ರಲ್ಲಿ ಅಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿ ಬಂತು. ಅದರಲ್ಲೂ ತೊಡಕು ಕಾಣಿಸಿತು. ದೂರಿದರೆ ಮಾರಿದವನು ಸೇಡಿಗೆ ತಮಗೂ ಕೆಟ್ಟ ಅಂಕ ಕೊಟ್ಟಾನೆಂದು ಗಿರಾಕಿಗಳು ಸುಮ್ಮನಾಗುತ್ತಿದ್ದರು. 2008ರಲ್ಲಿ ಮಾರಾಟಗಾರರ ಆ ಅಧಿಕಾರವನ್ನು ತೆಗೆಯಬೇಕಾಯಿತು. ಭಾರತದಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ಮಾಲು ಕೈಸೇರಿದಾಗ ಹಣ ಕೊಡುವ ಏರ್ಪಾಡು ತಂದದ್ದೂ ಇದೇ ಅಪನಂಬಿಕೆಗೆ ಕಂಡುಕೊಂಡ ಮದ್ದು. ಆದರೆ ಪೆಟ್ಟಿಗೆ ಬಂದಿತೆಂಬುದಕ್ಕೆ ಅದು ಖಾತರಿ. ಒಳಗಿನ ಚಿಪ್ ಅಸಲಿ ಎಂಬುದಕ್ಕಲ್ಲ.

ಕಾನೂನು ತಡವಾಗಿಯಾದರೂ ಹಿಂದೆಯೇ ಬಂದಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಲತಾಣವು ಮಾರಾಟಗಾರನ ಹೆಸರು, ವಿಳಾಸಗಳನ್ನು ಗಿರಾಕಿಗೆ ತೋರಿಸಬೇಕು. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳಲ್ಲಿ ಪರಿಹಾರ ಒದಗಿಸಬೇಕು. ಮಾರಾಟಗಾರನು ಗಿರಾಕಿಯ ವೇಷ ಹಾಕಿ ತನ್ನ ಮಾಲನ್ನು ತಾನೇ ಹೊಗಳಿಕೊಳ್ಳುವಂತಿಲ್ಲ. 2022ರಲ್ಲಿ ಭಾರತೀಯ ಮಾನಕ ಬ್ಯೂರೊ ಇಂಥ ಅಭಿಪ್ರಾಯಗಳ ಸಂಗ್ರಹ, ಪ್ರಕಟಣೆಗಳಿಗೇ ಒಂದು ಮಾನದಂಡ ರೂಪಿಸಿತು. ಮೊಬೈಲು, ಚಾರ್ಜರು, ಪವರ್ ಬ್ಯಾಂಕುಗಳಿಗೆ ಬ್ಯೂರೊದ ನೋಂದಣಿ ಕಡ್ಡಾಯ. ಅವುಗಳ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು; ಅದು ನಿಜವೇ ಎಂದು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೋಡಬಹುದು.

ಆದರೂ ಕೊನೆಯ ಪರೀಕ್ಷೆ ಕೊಳ್ಳುವವರದೇ. ಮೊದಲು ಬೆಲೆ. ಹೆಸರಾದ ತಯಾರಕರೆಲ್ಲ ಸಾವಿರಾರು ರೂಪಾಯಿ ಕೇಳುವ ಮಾಲನ್ನು ಯಾರೋ ಒಬ್ಬರು ನೂರಕ್ಕೆ ಕೊಡುವುದಾದರೆ, ಅದು ರಿಯಾಯಿತಿಯಲ್ಲ, ಬೇರೆಯೇ ಮಾಲು. ಎರಡನೆಯದು ಮಾರಾಟಗಾರ. ದೊಡ್ಡ ತಾಣದ ಹೆಸರು ನೋಡಿದರೆ ಸಾಲದು; ಅದರೊಳಗೆ ಮಾರುತ್ತಿರುವವರು ಯಾರು, ಬಿಲ್ಲಿನಲ್ಲಿ ಯಾರ ವಿಳಾಸವಿದೆ, ತಯಾರಕರ ವಾರಂಟಿ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಮೂರನೆಯದು ಅಭಿಪ್ರಾಯ. ಐದು ನಕ್ಷತ್ರದವುಗಳಿಗಿಂತ, ತಿಂಗಳುಗಟ್ಟಲೆ ಬಳಸಿ ಎರಡು ಮೂರು ನಕ್ಷತ್ರ ಕೊಟ್ಟವರ ಮಾತು ಹೆಚ್ಚು ಉಪಯುಕ್ತ. ಕೊನೆಯದು ಒರೆಗಲ್ಲು. ಪೆನ್‌ಡ್ರೈವ್‌ನ ಮಟ್ಟಿಗೆ ಅದು ಉಚಿತವಾಗಿಯೇ ಸಿಗುತ್ತದೆ. ‘ಎಫ್‌3’, ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ತಂತ್ರಾಂಶಗಳು ಪೆನ್‌ಡ್ರೈವನ್ನು ಅಂಚಿನವರೆಗೆ ತುಂಬಿಸಿ, ತುಂಬಿದ್ದನ್ನೆಲ್ಲ ಮತ್ತೆ ಓದಿ ಲೆಕ್ಕ ತಾಳೆ ನೋಡುತ್ತವೆ. ಗುಮಾಸ್ತನನ್ನು ಕೇಳುವ ಬದಲು ಉಗ್ರಾಣವನ್ನೇ ಹೊಕ್ಕು ಮೂಟೆ ಎಣಿಸಿದಂತೆ. ಇದನ್ನು ವಾಪಸಾತಿಯ ಅವಧಿಯೊಳಗೇ ಮಾಡಬೇಕು. ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಟ್ಟ ಹಣವೇನೋ ದೂರು ಕೊಟ್ಟರೆ ಹಿಂದಕ್ಕೆ ಬಂದೀತು. ಅಜ್ಜಿಯ ದನಿಯನ್ನು ಮಾತ್ರ ಯಾವ ಗ್ರಾಹಕ ನ್ಯಾಯಾಲಯವೂ ಮರಳಿ ಕೊಡಿಸಲಾರದು. ಅದನ್ನು ಇಡುವ ಮುನ್ನ ಪಾತ್ರೆ ಸೋರುತ್ತದೆಯೇ ಎಂದು ಒಮ್ಮೆ ನೋಡುವುದು, ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು ಲೇಸು.