ಎರಡು ಚೀಲ ಭತ್ತಕ್ಕೆ ಮಲ್ಪೆ

ನಮ್ಮೂರು ಹಿರೇಕೊಟ್ನೆಕಲ್‌ನಿಂದ ಮಲ್ಪೆ ಕಡಲಿಗೆ ಹತ್ತಿರ ಹತ್ತಿರ 500 ಕಿಲೋಮೀಟರ್. ಮಾನ್ವಿ, ಸಿಂಧನೂರು, ಗಂಗಾವತಿ, ಹೊಸಪೇಟೆ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ. ಬಸ್ಸು ಬದಲಿಸುತ್ತ ಹೋದರೆ 14–15 ತಾಸಿನ ದಾರಿ. ಅಷ್ಟು ದೂರ ಹೋಗಿ ಅಲ್ಲಿ ನಡೆಯುವುದು ಮಾತ್ರ ಮೂರೋ ನಾಲ್ಕೋ ಕಿಲೋಮೀಟರ್: ಮೀನುಗಾರಿಕೆ ಬಂದರಿನ ದಕ್ಕೆ, ವಡಭಾಂಡೇಶ್ವರದ ಬಲರಾಮ ಗುಡಿ, ಮರಳಿನ ದಂಡೆ. 'ಉಳಿದವರು ಕಂಡಂತೆ' ಸಿನಿಮಾವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನೋಡುವ ಹುಡುಗರಿಗೆ ಆ ನಾಲ್ಕು ಕಿಲೋಮೀಟರ್ ಒಮ್ಮೆ ತುಳಿಯಬೇಕೆಂಬ ಆಸೆ. ಆಸೆ ದೊಡ್ಡದೇನಲ್ಲ. ಆದರೆ ನಮ್ಮೂರಿನಿಂದ ಅದಕ್ಕೆ ಎಷ್ಟು ಖರ್ಚು ಬರುತ್ತದೆ ಎಂದು ಯಾರೂ ಕೂತು ಲೆಕ್ಕ ಹಾಕಿದ್ದು ಕಾಣಲಿಲ್ಲ. ಅದಕ್ಕೇ ಈ ಬರಹ.

ಚಿತ್ರ ತೆರೆಗೆ ಬಂದದ್ದು 2014ರ ಮಾರ್ಚ್ 28ರಂದು. ನಿರ್ದೇಶನ ರಕ್ಷಿತ್ ಶೆಟ್ಟಿ, ಸಂಗೀತ ಅಜನೀಶ್ ಲೋಕನಾಥ್. ಕೃಷ್ಣಾಷ್ಟಮಿಯ ದಿನಗಳ ಮಲ್ಪೆಯೇ ಕಥೆಯ ನೆಲ. ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಅಂಥ ನೂಕುನುಗ್ಗಲು ಇರಲಿಲ್ಲ. ಆಮೇಲೆ ವರ್ಷದಿಂದ ವರ್ಷಕ್ಕೆ ಅಭಿಮಾನಿಗಳು ಹೆಚ್ಚಿದರು, 2017ರಲ್ಲಿ ತಮಿಳಿನಲ್ಲೂ 'ರಿಚಿ' ಹೆಸರಿನಲ್ಲಿ ಬಂತು. ಕನ್ನಡದ ಚಿತ್ರದಲ್ಲಿ ಕಾಣುವ ಹುಲಿವೇಷ ನಮ್ಮ ಕಡೆಯವರಿಗೆ ಹೊಸದಲ್ಲ. ರಾಯಚೂರು ಸೀಮೆಯಲ್ಲಿ ಮೊಹರಂಗೆ ಹರಕೆ ಹೊತ್ತು ಮೈಗೆ ಹುಲಿ ಬಣ್ಣ ಬಳಿದುಕೊಳ್ಳುವವರು ಇಂದಿಗೂ ಇದ್ದಾರೆ. ಅಲ್ಲಿ ಅಷ್ಟಮಿಗೆ ಹುಲಿ, ಇಲ್ಲಿ ಅಲಾಯಿಗೆ ಹುಲಿ. ನಮ್ಮ ಹುಡುಗರಿಗೆ ಆ ಸಿನಿಮಾ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಮೊದಲು ಬಸ್ಸಿನ ಲೆಕ್ಕ ತೆಗೆದುಕೊಳ್ಳೋಣ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿದೆ. ಕಿಲೋಮೀಟರಿಗೆ ಒಂದೂಕಾಲು ರೂಪಾಯಿ ಹಿಡಿದರೆ ಹೋಗಲು 625, ಬರಲು 625, ಒಟ್ಟು 1,250 ರೂಪಾಯಿ. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರ್, ಅಲ್ಲಿನ ಓಡಾಟಕ್ಕೆ ಇನ್ನೊಂದು 50. ಗಂಡಸಿಗೆ 1,300 ಆಯಿತು.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಮಾನ್ವಿಯಿಂದ ಶಿವಮೊಗ್ಗದವರೆಗೆ ಆಧಾರ್ ಕಾರ್ಡ್ ಒಂದೇ ಸಾಕು. ಅಲ್ಲಿಂದ ಮುಂದೆ ಎಚ್ಚರ ಬೇಕು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ವಾಹನಕ್ಕೆ ನಿರ್ಬಂಧ ಇದೆ, ಓಡುವುದು ಮಿನಿ ಬಸ್ಸುಗಳು. ಘಟ್ಟ ಇಳಿದ ಮೇಲೆ ಉಡುಪಿ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಶಿವಮೊಗ್ಗ–ಉಡುಪಿ ನಡುವಿನ ಸುಮಾರು 145 ಕಿಲೋಮೀಟರನ್ನು ಎರಡೂ ಸಲ ಖಾಸಗಿ ಬಸ್ಸಿನಲ್ಲೇ ಹೋದರು ಎಂದಿಟ್ಟುಕೊಂಡರೂ 360, ಮಲ್ಪೆ ಓಡಾಟಕ್ಕೆ 50, ಕೂಡಿಸಿದರೆ 410. ಗಂಡಸಿಗಿಂತ 890 ರೂಪಾಯಿ ಕಡಿಮೆ. ಊರು ಬಿಟ್ಟು ಕಡಲು ನೋಡದ ಎಷ್ಟೋ ತಾಯಂದಿರಿಗೆ ಈ 890 ರೂಪಾಯಿಯೇ ಇಷ್ಟು ದಿನ ಅಡ್ಡಗಾಲಾಗಿತ್ತು.

ಊಟಕ್ಕೆ ತಲಾ 600 ಇಟ್ಟುಕೊಂಡಿದ್ದೇನೆ. ಮೊದಲ ದಿನ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿಯ ಬುತ್ತಿ ಇದ್ದೇ ಇರುತ್ತದೆ. ಉಡುಪಿಯ ಕೃಷ್ಣಮಠದಲ್ಲಿ ಪ್ರಸಾದದ ಊಟಕ್ಕೆ ದುಡ್ಡಿಲ್ಲ. ಉಳಿದದ್ದು ಮಲ್ಪೆಯ ಮೀನೂಟಕ್ಕೆ. ಒಂದು ರಾತ್ರಿಯ ಕೋಣೆಗೆ 1,600 ರೂಪಾಯಿ ಎಂದು ಹಿಡಿದು ನಾಲ್ವರು ಹಂಚಿಕೊಂಡರೆ ತಲಾ 400, ಅದರ ಮೇಲೆ ಶೇ 5 ಜಿಎಸ್‌ಟಿ ಸೇರಿ 420. ಕೊನೆಯದು ದಾರಿ ತೋರಿಸಿ ಕಥೆ ಹೇಳುವವರ ಕೂಲಿ. ಮೂರು ತಾಸಿನ ನಡಿಗೆಗೆ 2,000 ಕೊಟ್ಟರೆ, 20 ಜನರ ಗುಂಪಿನಲ್ಲಿ ತಲೆಗೆ 100 ಬೀಳುತ್ತದೆ.

ಎಲ್ಲ ಕೂಡಿಸಿದರೆ ಗಂಡಸಿಗೆ 2,420 ರೂಪಾಯಿ, ಹೆಂಗಸಿಗೆ 1,530. ಇಲ್ಲಿಗೆ ಲೆಕ್ಕ ಮುಗಿಯಿತು ಎನ್ನುವವರು ನಮ್ಮೂರನ್ನು ಬಲ್ಲವರಲ್ಲ. ಮೂರು ದಿನ ಊರು ಬಿಟ್ಟರೆ ಮೂರು ದಿನದ ಕೂಲಿ ಹೋಯಿತು. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ, ಮೂರು ದಿನಕ್ಕೆ 1,110. ಅದನ್ನೂ ಸೇರಿಸಿದಾಗಲೇ ನಿಜವಾದ ಬೆಲೆ ತಿಳಿಯುವುದು: ಗಂಡಸಿಗೆ 3,530, ಹೆಂಗಸಿಗೆ 2,640.

ಇದನ್ನು ಭತ್ತಕ್ಕೆ ತಿರುಗಿಸಿ ನೋಡೋಣ, ನಮಗೆ ಅರ್ಥವಾಗುವ ನಾಣ್ಯ ಅದೇ. 2025–26ರ ಮುಂಗಾರಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. 3,530 ರೂಪಾಯಿಗೆ 149 ಕಿಲೋ ಭತ್ತ ಬೇಕು. ನಮ್ಮ ಕಡೆ ಚೀಲಕ್ಕೆ 75 ಕಿಲೋ, ಅಂದರೆ ಹೆಚ್ಚುಕಡಿಮೆ ಎರಡು ಚೀಲ. ಹೆಂಗಸಿಗೆ 111 ಕಿಲೋ, ಒಂದೂವರೆ ಚೀಲ. ಬೆಂಬಲ ಬೆಲೆ ಕೈಗೆ ಸಿಕ್ಕರೆ ಮಾತ್ರ ಈ ಮಾತು. ವ್ಯಾಪಾರಿ ಇಳಿಸಿ ಕೇಳಿದ ವರ್ಷ ಚೀಲದ ಲೆಕ್ಕ ಏರುತ್ತದೆ.

ದಾರಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಪ್ರಯಾಣ ನಮ್ಮ ಗದ್ದೆಯ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವ ಪ್ರಯಾಣ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅದರ ಕೊನೇ ಭಾಗದಲ್ಲಿ ಕೂತು, ಮೇಲಿನವರು ಬಿಟ್ಟ ಮೇಲೆ ನೀರು ಕಾಣುವವರು ನಾವು. ಹೊಸಪೇಟೆ ಹತ್ತಿರ ಅಣೆಕಟ್ಟು ಸಿಗುತ್ತದೆ. 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ನಮ್ಮ ಮನೆಗಳಲ್ಲಿ ಯಾರಿಗೂ ನಿದ್ದೆ ಹತ್ತಿರಲಿಲ್ಲ. ಇನ್ನೂ ಮೇಲೆ ಹೋದರೆ ತೀರ್ಥಹಳ್ಳಿಯಲ್ಲಿ ತುಂಗೆ. ಅದಕ್ಕೆ ಸೇರುವ ಮಾಲತಿ ನದಿ ಹುಟ್ಟುವುದು ಆಗುಂಬೆಯ ಕಡೆ. ರಾಯಚೂರಿನ ವರ್ಷದ ಮಳೆ 600–700 ಮಿಲಿಮೀಟರ್, ಆಗುಂಬೆಯದ್ದು 7,000ಕ್ಕೂ ಮೇಲೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆ ಇದೆ. ನಮ್ಮ ಏಳು ವರ್ಷದ ಮಳೆ ಅವರಿಗೆ ಒಂದು ತಿಂಗಳಲ್ಲಿ. ಘಟ್ಟದ ನೆತ್ತಿಯಲ್ಲಿ ಬಿದ್ದ ಹನಿಗಳಲ್ಲಿ ಮೂಡಣಕ್ಕೆ ಜಾರಿದ್ದು ನಮ್ಮ ಕಾಲುವೆಗೆ, ಪಡುವಣಕ್ಕೆ ಜಾರಿದ್ದು ನಾವು ನೋಡಹೊರಟ ಅದೇ ಕಡಲಿಗೆ.

ಆಗುಂಬೆಯೂ ಸಿನಿಮಾ ನೆಲವೇ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದ ದೊಡ್ಡಮನೆ ಅಲ್ಲಿದೆ. ಅವರ ನಿರ್ದೇಶನದಲ್ಲಿ ಬಂದ ಕಂತುಗಳು 39. ಮಿನಿ ಬಸ್ಸು ಚಹಾಕ್ಕೆ ನಿಂತರೆ ಇಳಿದು ನೋಡಿ, ಇದಕ್ಕೆ ಖರ್ಚು ಚಹಾದ್ದಷ್ಟೇ.

ಇನ್ನು ಮಲ್ಪೆ. ಹೋಗಬೇಕಾದದ್ದು ಬೆಳಿಗ್ಗೆ, ಬೋಟುಗಳು ದಕ್ಕೆಗೆ ಬಂದು ಮೀನು ಇಳಿಸುವ ಹೊತ್ತಿಗೆ. 'ಉಳಿದವರು ಕಂಡಂತೆ'ಗೆ ಶಬ್ದವನ್ನು ಚಿತ್ರೀಕರಣದ ಜಾಗದಲ್ಲೇ ಹಿಡಿದಿದ್ದಾರೆ. ಹಾಗಾಗಿ ದಕ್ಕೆಗೆ ಕಾಲಿಟ್ಟ ಕೂಡಲೇ ಕಣ್ಣಿಗಿಂತ ಮೊದಲು ಕಿವಿಗೆ ಗುರುತು ಹತ್ತುತ್ತದೆ. ಎಂಜಿನ್ನಿನ ದಡದಡ, ಹರಾಜಿನ ಕೂಗು, ಐಸಿನ ಗಡ್ಡೆ ಪುಡಿಯಾಗುವ ಸಪ್ಪಳ, ಒದ್ದೆ ಸಿಮೆಂಟಿನ ಮೇಲೆ ಎಳೆದೊಯ್ಯುವ ಕ್ರೇಟುಗಳ ಕರಕರ. ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರ ಹತ್ತಿರ ಹೋಗಿ ನಮ್ಮವರು "ಯಕ್ಕಾ, ಇದಕ್ಕ ಏನಂತಾರ್ರೀ?" ಎಂದರೆ, "ಇದು ಬಂಗುಡೆ ಮಾರಾಯ್ರೆ, ಅದು ಬೂತಾಯಿ, ಆ ದೊಡ್ಡದು ಅಂಜಲ್" ಎಂದು ಮೂರನ್ನೂ ಎತ್ತಿ ತೋರಿಸುತ್ತಾರೆ. ಬೂತಾಯಿಯ ಹುರುಪೆ ಅವರ ಬೆರಳಿನ ಉಂಗುರದ ಸಂದಿನಲ್ಲಿ ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿರುತ್ತದೆ. ಅದು ಸಿನಿಮಾದಲ್ಲಿ ಸಿಗುವುದಿಲ್ಲ.

ಒಬ್ಬರೇ ಹೋದರೆ ನೋಡುವುದು ಇಷ್ಟೇ: ಈ ಬೋಟು ಆ ದೃಶ್ಯದಲ್ಲಿತ್ತೇ, ಆ ಪಾತ್ರ ಇಲ್ಲೇ ನಿಂತಿತ್ತೇ, ಒಂದು ಸೆಲ್ಫಿ. ಬಲ್ಲವರು ಜೊತೆಗಿದ್ದರೆ ನಡಿಗೆಯೇ ಬೇರೆ. ಬೋಟು ನಡೆಸುವವನು ತಾಂಡೇಲ, ಅವನ ಕೈಕೆಳಗೆ ದುಡಿಯುವವರು ಕಲಾಸಿಗಳು ಎಂಬುದರಿಂದ ಅವರು ಮಾತು ಶುರು ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆ ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಗಳಿಕೆ ನಿಲ್ಲುತ್ತದೆ ಎಂಬುದನ್ನು ಹೇಳುತ್ತಾರೆ. 'ಸುವರ್ಣ ತ್ರಿಭುಜ' ಬೋಟಿನ ಮಾತು ಬಂದಾಗ ದನಿ ತಗ್ಗುತ್ತದೆ. 2018ರ ಡಿಸೆಂಬರ್ 13ರಂದು ಇದೇ ಬಂದರಿನಿಂದ ಏಳು ಜನರನ್ನು ಹೊತ್ತು ಹೊರಟದ್ದು ಮರಳಿ ಬರಲಿಲ್ಲ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿತು. ತೆರೆಯ ಮೇಲಿನ ಸಾವಿಗೆ ಕಣ್ಣೀರು ಹಾಕಿದ ಅಭಿಮಾನಿ ಈ ಏಳು ಜನರ ಸುದ್ದಿ ಕೇಳದೆ ಮಲ್ಪೆಯಿಂದ ಹಿಂದಿರುಗಬಾರದು.

ವಡಭಾಂಡೇಶ್ವರದಲ್ಲಿ ನಡಿಗೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರಿಗೆ ಗೋಪಿಚಂದನದ ಗಡ್ಡೆಯಲ್ಲಿ ಕೃಷ್ಣನ ವಿಗ್ರಹ ದೊರಕಿದ್ದು ಈ ಕಡಲಲ್ಲಿ ಸಿಲುಕಿದ ಹಡಗಿನಿಂದ ಎಂಬುದು ಪರಂಪರೆಯ ನಂಬಿಕೆ. ಉಡುಪಿಯ ಅಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ, ಅದರ ಹುಲಿವೇಷ ಎಲ್ಲದರ ಬೇರೂ ಇಲ್ಲಿಗೇ ಬಂದು ಮುಟ್ಟುತ್ತದೆ.

ಕಡಲ ಸಿನಿಮಾದ ನೆಲ ನೋಡುವುದಷ್ಟೇ ಅಲ್ಲ, ಅಂಥ ಸಿನಿಮಾ ತೆಗೆಯುವುದೂ ದುಬಾರಿಯೇ. ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ದ್ವೀಪದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ 'ಜಾಸ್' ತೆಗೆಯಲು ಹೊರಟಾಗ ಹಾಕಿಕೊಂಡದ್ದು 55 ದಿನ. ನಿಜವಾದ ನೀರಿನಲ್ಲಿ ಚಿತ್ರಿಸಹೋಗಿ ಅದು 159 ದಿನಕ್ಕೆ ಬೆಳೆಯಿತು, ಖರ್ಚು ದುಪ್ಪಟ್ಟಾಯಿತು. 1975ರಲ್ಲಿ ತೆರೆ ಕಂಡ ಆ ಚಿತ್ರದ ಅಭಿಮಾನಿಗಳು 50 ವರ್ಷದ ಮೇಲೂ ಆ ದ್ವೀಪಕ್ಕೆ ಹೋಗುತ್ತಾರೆ. ನ್ಯೂಜಿಲೆಂಡಿನ ಮಾಟಮಾಟಾ ಬಳಿಯ ಹಾಬಿಟನ್ ಎಂಬ ಸಿನಿಮಾ ಸೆಟ್ ಇನ್ನೂ ಸ್ಪಷ್ಟ ಪಾಠ. ಒಂದು ಕುರಿ ಸಾಕಣೆಯ ಜಮೀನಿನಲ್ಲಿ 2002ರಿಂದ ನಡೆಯುತ್ತಿರುವ ಈ ಪ್ರವಾಸಕ್ಕೆ ದೊಡ್ಡವರ ಟಿಕೆಟ್ 100 ನ್ಯೂಜಿಲೆಂಡ್ ಡಾಲರ್ ದಾಟಿದೆ, ನಮ್ಮ ದುಡ್ಡಿನಲ್ಲಿ 5,000 ರೂಪಾಯಿಗೂ ಹೆಚ್ಚು. ಗೈಡ್ ಇಲ್ಲದೆ ಒಳಗೆ ಬಿಡುವುದೇ ಇಲ್ಲ. ನಮ್ಮ ಹಿರೇಕೊಟ್ನೆಕಲ್ ಹುಡುಗನ ಇಡೀ ಮಲ್ಪೆ ಪ್ರವಾಸ ಅವರ ಒಂದು ಟಿಕೆಟ್ಟಿಗಿಂತ ಕಡಿಮೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಕಾಸರಗೋಡು ದಾಟಿ ಬೇಕಲ ಕೋಟೆ ನೋಡಬಹುದು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, 40 ಎಕರೆಯ ಕೋಟೆ. ಮಣಿರತ್ನಂ ಅವರ 'ಬಾಂಬೆ' ಚಿತ್ರದ ಹಾಡಿನಲ್ಲಿ 1995ರಲ್ಲಿ ಇಡೀ ದೇಶವೇ ಅದನ್ನು ಕಂಡಿತು. ಪ್ರವೇಶಕ್ಕೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ತಲಪಾಡಿ ಗಡಿಯಾಚೆ ಶಕ್ತಿ ಯೋಜನೆ ಇರುವುದಿಲ್ಲ, ಬಸ್ಸಿಗೆಂದು ಎಲ್ಲರೂ ಇನ್ನೊಂದು 300 ಇಟ್ಟುಕೊಳ್ಳಬೇಕು.

ಯಾವಾಗ ಹೋಗಬೇಕು ಎಂಬುದಕ್ಕೂ ಲೆಕ್ಕವೇ ಉತ್ತರ ಕೊಡುತ್ತದೆ. ಜೂನ್–ಜುಲೈಯಲ್ಲಿ ಕರಾವಳಿಯ ಮಳೆಗೆ ನಡೆಯಲಾಗದು, ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ನವೆಂಬರ್–ಡಿಸೆಂಬರ್ ನಮಗೆ ಕೊಯ್ಲು. ಸೆಪ್ಟೆಂಬರಿನಲ್ಲಿ ಅಲ್ಲಿ ಬೋಟುಗಳು ಕಡಲಿಗಿಳಿದು ತಿಂಗಳಾಗಿರುತ್ತದೆ, ಇಲ್ಲಿ ನಾಟಿ ಮುಗಿದು ಕೈ ಸ್ವಲ್ಪ ಬಿಡುವಾಗಿರುತ್ತದೆ. ಉಡುಪಿಯ ಅಷ್ಟಮಿ ಬರುವುದೂ ಆಗಸ್ಟ್–ಸೆಪ್ಟೆಂಬರಿನಲ್ಲೇ. ಆದರೆ ವಿಟ್ಲಪಿಂಡಿಯ ದಿನವೇ ಹೋಗಬೇಡಿ, ಕೋಣೆ ಸಿಗುವುದಿಲ್ಲ. ನಾಲ್ಕು ದಿನ ಬಿಟ್ಟು ಹೋಗಿ.

ಈಗ ಗುಂಪಿನ ಲೆಕ್ಕ. 12 ಹೆಂಗಸರು, 8 ಗಂಡಸರು ಹೊರಟರೆ ಬಸ್ಸಿಗೆ 15,320, ಊಟಕ್ಕೆ 12,000, ಕೋಣೆಗೆ 8,400, ಗೈಡ್‌ಗೆ 2,000. ಒಟ್ಟು 37,720 ರೂಪಾಯಿ. ಇದರಲ್ಲಿ ಗೈಡ್ ಕೂಲಿ ರೂಪಾಯಿಗೆ ಐದು ಪೈಸೆಯಷ್ಟು. ಎಲ್ಲರೂ ಚೌಕಾಸಿಗೆ ಇಳಿಯುವುದು ಮಾತ್ರ ಅಲ್ಲೇ. 500 ಕಿಲೋಮೀಟರ್ ಬಂದವರು, ಕಣ್ಣು ತೆರೆಸುವ ಐದು ಪೈಸೆಯನ್ನು ಉಳಿಸಲು ಹೋಗಿ ಉಳಿದ ತೊಂಬತ್ತೈದು ಪೈಸೆಯನ್ನೂ ಕಡಲಿಗೆ ಚೆಲ್ಲಿ ಬರುತ್ತಾರೆ. ಆ 2,000 ರೂಪಾಯಿಯನ್ನು ವಯಸ್ಸಾಗಿ ಬೋಟು ಬಿಟ್ಟ ಒಬ್ಬ ತಾಂಡೇಲ, ಮೀನು ಮಾರುವ ಒಬ್ಬ ಅಕ್ಕ ಹಂಚಿಕೊಂಡರೆ ಒಬ್ಬೊಬ್ಬರಿಗೆ 1,000. ಅದು ನಮ್ಮೂರಿನ ಖಾತರಿ ಕೆಲಸದ ಸುಮಾರು ಎರಡೂಮುಕ್ಕಾಲು ದಿನದ ಕೂಲಿ. ದುಡಿಯುವವರ ದುಡ್ಡು ದುಡಿಯುವವರಿಗೇ ಹೋಗುವ ದಾರಿ ಇದು.

ಹಾಗಾಗಿ ಹೊರಡುವವರಲ್ಲಿ ನನ್ನದೊಂದು ಕೇಳಿಕೆ. ಕೋಣೆಯಲ್ಲಿ ಉಳಿಸಿ, ಊಟದಲ್ಲಿ ಉಳಿಸಿ, ಬುತ್ತಿ ಗಟ್ಟಿಯಾಗಿ ಕಟ್ಟಿಕೊಳ್ಳಿ. ಮನೆಯ ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ, ಅವರ ಬಸ್ಸಿನ ದುಡ್ಡು ಮೂರರಲ್ಲಿ ಎರಡು ಪಾಲು ಈಗಾಗಲೇ ಉಳಿದಿದೆ. ದಕ್ಕೆಯಲ್ಲಿ ಕಥೆ ಹೇಳಲು ಒಪ್ಪಿದವರಿಗೆ ಮಾತ್ರ ಮಾತಾಡಿದ ಹಣವನ್ನು ಪೂರ್ತಿ, ನಡಿಗೆ ಶುರುವಾಗುವ ಮೊದಲೇ ಕೈಗೆ ಕೊಡಿ.