ಟೈಟಾನಿಕ್: ಸಿನಿಮಾದಲ್ಲಿ ಕಂಡದ್ದೆಷ್ಟು, ಕಡಲಲ್ಲಿ ನಡೆದದ್ದೆಷ್ಟು?

ರೋಣ, ನರಗುಂದ, ಗಜೇಂದ್ರಗಡ - ಈ ಮೂರೂ ಊರುಗಳಿಗೆ ಕಡಲು ದೂರದ ಮಾತು. ಇಲ್ಲಿ ಎರೆಹೊಲಗಳಿವೆ, ಗುಡ್ಡದ ಮೇಲೆ ಕೋಟೆಗಳಿವೆ, ಮಳೆಗಾಲದಲ್ಲಿ ಉಕ್ಕುವ ಮಲಪ್ರಭೆ ಮತ್ತು ಬೆಣ್ಣೆಹಳ್ಳ ಇವೆ. ಹಡಗು ಮಾತ್ರ ಇಲ್ಲ. ಆದರೂ ಒಂದು ಹಡಗು ಈ ಊರುಗಳ ಮನೆಮನೆಗೂ ಬಂದಿದೆ. ಅದೇ ಟೈಟಾನಿಕ್.

ಈದ್‌ನ ಮರುದಿನ ರೋಣದ ನಾನಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನರಗುಂದದಿಂದ ಖಾಲಾ, ಗಜೇಂದ್ರಗಡದಿಂದ ಮಾಮು ಮಕ್ಕಳೊಂದಿಗೆ ಬಂದಿದ್ದರು. ಊಟ ಮುಗಿದ ಮೇಲೆ ಹುಡುಗಿಯರು ಟಿ.ವಿ. ಮುಂದೆ ಕುಳಿತು ಆ ಸಿನಿಮಾ ಹಾಕಿದರು. ಕೊನೆಗೆ ನಾಯಕ ತಣ್ಣೀರಿನಲ್ಲಿ ಮುಳುಗಿ ಹೋಗುವಾಗ ಎಲ್ಲರ ದುಪಟ್ಟಾ ಒದ್ದೆ. ಮಾಮುವಿನ ಕಿರಿಯ ಮಗಳು ನನ್ನ ಕಡೆ ತಿರುಗಿ, "ಆಪಾ, ಇದೆಲ್ಲ ಖರೇನ ನಡದಿತ್ತೇನ್ರಿ?" ಎಂದು ಕೇಳಿದಳು.

ನಾನು ಉತ್ತರಿಸುವ ಮೊದಲೇ ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ನಾನಿ ಇನ್ನೊಂದು ಪ್ರಶ್ನೆ ಹಾಕಿದರು: "ಅಷ್ಟ ದೊಡ್ಡ ಹಡಗ ಕಟ್ಟಿದವರಿಗೆ ನಾಕ ದೋಣಿ ಹೆಚ್ಚಿಗಿ ಇಡಾಕ ರೊಕ್ಕ ಇರಲಿಲ್ಲೇನು?"

ಹುಡುಗಿಯ ಪ್ರಶ್ನೆ ಪ್ರೇಮಕಥೆಯದು, ನಾನಿಯ ಪ್ರಶ್ನೆ ದೋಣಿಯದು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದಾಗ ತಿಳಿದುಬಂದ ಸಂಗತಿಗಳನ್ನು ಓದುಗ ಸಹೋದರಿಯರ ಮುಂದಿಡುತ್ತಿದ್ದೇನೆ.

ಕಟ್ಟುಕಥೆ ಯಾವುದು?

ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ ಈ ಚಿತ್ರ 1997ರಲ್ಲಿ ತೆರೆಕಂಡು 11 ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಚಿತ್ರದ ನಾಯಕ ಜಾಕ್ ಮತ್ತು ನಾಯಕಿ ರೋಸ್ ಇಬ್ಬರೂ ಕಲ್ಪನೆಯ ಪಾತ್ರಗಳು. ಅವರ ಪ್ರೇಮ, ರೋಸ್‌ಳ ಶ್ರೀಮಂತ ವರ, ನೀಲಿ ವಜ್ರದ ಹಾರ, ಎಲ್ಲವೂ ಕಥೆಗಾಗಿ ಹೆಣೆದವು.

ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ಸ್ಮಶಾನವೊಂದರಲ್ಲಿ 'ಜೆ. ಡಾಸನ್' ಎಂಬ ಹೆಸರಿನ ಕಲ್ಲು ಇದೆ. ಚಿತ್ರ ಬಂದ ಮೇಲೆ ಅದೇ ಜಾಕ್ ಡಾಸನ್‌ನ ಸಮಾಧಿ ಎಂದು ಭಾವಿಸಿ ಜನ ಹೂವಿಟ್ಟು ಕಣ್ಣೀರು ಹಾಕಿದರು. ಅಲ್ಲಿ ಮಲಗಿರುವುದು ಜೋಸೆಫ್ ಡಾಸನ್. ಹಡಗಿನ ತಳದಲ್ಲಿ ಕಲ್ಲಿದ್ದಲು ಹೊರುತ್ತಿದ್ದ ಬಡ ಕಾರ್ಮಿಕ. ಇಲ್ಲದ ನಾಯಕನಿಗಾಗಿ ಅತ್ತವರು, ನಿಜವಾಗಿ ಸತ್ತ ಕೂಲಿಯವನ ಹೆಸರನ್ನು ಸರಿಯಾಗಿ ಓದಲೂ ಇಲ್ಲ!

ಇನ್ನೊಂದು ಕಲ್ಪನೆಯಂತೂ ಒಂದು ಕುಟುಂಬವನ್ನು ನೋಯಿಸಿತು. ಹಡಗಿನ ಅಧಿಕಾರಿ ವಿಲಿಯಂ ಮರ್ಡಾಕ್ ನಿಜವಾದ ವ್ಯಕ್ತಿ. ಚಿತ್ರದಲ್ಲಿ ಅವರು ಪ್ರಯಾಣಿಕನಿಗೆ ಗುಂಡು ಹಾರಿಸಿ, ತಾನೂ ಗುಂಡಿಟ್ಟುಕೊಂಡು ಸಾಯುತ್ತಾರೆ. ಇದಕ್ಕೆ ಖಚಿತ ಸಾಕ್ಷ್ಯವಿಲ್ಲ. ಕೊನೆಯವರೆಗೂ ದೋಣಿಗಳನ್ನು ಇಳಿಸುತ್ತಾ ಪ್ರಾಣ ಬಿಟ್ಟವರೆಂದೇ ಸ್ಕಾಟ್ಲೆಂಡಿನ ಅವರ ಊರು ಡಾಲ್ಬೀಟಿ ಅವರನ್ನು ನೆನೆಯುತ್ತಿತ್ತು. ಊರಿನವರು, ಬಂಧುಗಳು ಪ್ರತಿಭಟಿಸಿದರು. 1998ರಲ್ಲಿ ಚಿತ್ರಸಂಸ್ಥೆಯ ಅಧಿಕಾರಿಯೊಬ್ಬರು ಆ ಊರಿಗೆ ಬಂದು ಕ್ಷಮೆ ಕೋರಿ, ಮರ್ಡಾಕ್ ಹೆಸರಿನ ಶಾಲಾ ಬಹುಮಾನ ನಿಧಿಗೆ 5,000 ಪೌಂಡ್ ಕೊಟ್ಟರು. ಸತ್ತವರ ಮೇಲೆ ಹೊರಿಸಿದ ಆರೋಪಕ್ಕೆ ಸತ್ತವರು ಉತ್ತರಿಸಲಾರರು. ಆದ್ದರಿಂದಲೇ ಬದುಕಿರುವವರು ಜೋಪಾನವಾಗಿ ಮಾತಾಡಬೇಕು.

ನಿಜ ಯಾವುದು?

ಹಡಗು ನಿಜ. 1912ರ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಅದು ಹಿಮಗಡ್ಡೆಗೆ ತಾಗಿತು. 2 ಗಂಟೆ 40 ನಿಮಿಷಗಳ ನಂತರ, ಅಂದರೆ 15ರ ಬೆಳಗಿನ ಜಾವ 2 ಗಂಟೆ 20 ನಿಮಿಷಕ್ಕೆ ಮುಳುಗಿತು. ಮುಳುಗುವಾಗ ಹಡಗು ಎರಡು ತುಂಡಾದದ್ದೂ ನಿಜ. 1985ರಲ್ಲಿ ಸಮುದ್ರದ ತಳದಲ್ಲಿ ಅವಶೇಷಗಳು ಸಿಕ್ಕಾಗ ಅದು ದೃಢಪಟ್ಟಿತು. ಕೊನೆಯ ಗಳಿಗೆಯಲ್ಲೂ ವಾದ್ಯ ನುಡಿಸುತ್ತಿದ್ದ ಕಲಾವಿದರು ನಿಜ. ಎಂಟು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮಂಚದ ಮೇಲೆ ಒಬ್ಬರನ್ನೊಬ್ಬರು ತಬ್ಬಿ ಮಲಗಿದ ವೃದ್ಧ ದಂಪತಿಯನ್ನು ಚಿತ್ರದಲ್ಲಿ ಕೆಲವೇ ಕ್ಷಣ ತೋರಿಸಿದ್ದಾರೆ. ಅವರ ಹಿಂದೆ ನಿಜವಾದ ದಂಪತಿ ಇದ್ದಾರೆ. ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯ ಒಡೆಯರಲ್ಲೊಬ್ಬರಾದ ಇಸಿಡೋರ್ ಸ್ಟ್ರಾಸ್ ಮತ್ತು ಅವರ ಪತ್ನಿ ಐಡಾ. ಐಡಾಗೆ ದೋಣಿಯಲ್ಲಿ ಜಾಗವಿತ್ತು. ಗಂಡನನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ತಮ್ಮ ತುಪ್ಪಳದ ಕೋಟನ್ನು ಕೆಲಸದ ಹುಡುಗಿಗೆ ಹೊದಿಸಿ ಆಕೆಯನ್ನು ದೋಣಿಗೆ ಹತ್ತಿಸಿದರು. ಜನ ಅವರನ್ನು ಕೊನೆಯ ಬಾರಿ ಕಂಡದ್ದು ಮಂಚದ ಮೇಲಲ್ಲ, ಹಡಗಿನ ಅಟ್ಟದ ಮೇಲೆ, ಜೊತೆಯಾಗಿ. ಬಹುಕಾಲ ಸಂಸಾರ ಮಾಡಿದ ಗಂಡ-ಹೆಂಡಿರ ಈ ಪ್ರೀತಿಗೆ ಮೂರು ಗಂಟೆಗಳ ಸಿನಿಮಾದಲ್ಲಿ ಸಿಕ್ಕಿದ್ದು ಕೆಲವೇ ಕ್ಷಣ.

ನಾನಿಯ ಪ್ರಶ್ನೆಗೆ ಉತ್ತರ

ಹಡಗಿನಲ್ಲಿದ್ದವರು ಸುಮಾರು 2,200 ಜನ. ದೋಣಿಗಳು 20. ಅವುಗಳಲ್ಲಿ ಕೂರಬಹುದಾದವರು 1,178 ಮಂದಿ. ಅಂದರೆ ಹಡಗು ಬಂದರು ಬಿಡುವಾಗಲೇ ಸಾವಿರ ಜನರಿಗೆ ದೋಣಿ ಇರಲಿಲ್ಲ.

ಇದು ಕಾನೂನಿಗೆ ವಿರುದ್ಧವಾಗಿತ್ತೇ? ಇಲ್ಲ! ಬ್ರಿಟಿಷ್ ಸರಕಾರದ ಅಂದಿನ ನಿಯಮ ದೋಣಿಗಳ ಲೆಕ್ಕವನ್ನು ಜನರ ಸಂಖ್ಯೆಯ ಮೇಲೆ ಹಾಕುತ್ತಿರಲಿಲ್ಲ, ಹಡಗಿನ ಗಾತ್ರದ ಮೇಲೆ ಹಾಕುತ್ತಿತ್ತು. ಆ ಲೆಕ್ಕವೂ 10,000 ಟನ್ನಿಗೆ ನಿಂತುಬಿಟ್ಟಿತ್ತು. ಟೈಟಾನಿಕ್ 46,000 ಟನ್ನಿನ ಹಡಗು. ಆದರೂ ನಿಯಮದ ಪ್ರಕಾರ 16 ದೋಣಿ ಸಾಕಿತ್ತು. ಕಂಪನಿ ನಾಲ್ಕು ಹೆಚ್ಚೇ ಇಟ್ಟಿತ್ತು. ಇನ್ನೂ ಹೆಚ್ಚು ದೋಣಿಗಳನ್ನು ತೂಗುಹಾಕುವ ವ್ಯವಸ್ಥೆ ಹಡಗಿನಲ್ಲಿತ್ತು. ದೋಣಿ ಮಾತ್ರ ಇಡಲಿಲ್ಲ. ರೊಕ್ಕ ಇರಲಿಲ್ಲ ಎಂದಲ್ಲ, ಕೇಳುವವರು ಇರಲಿಲ್ಲ.

ಇದಕ್ಕಿಂತ ನೋವಿನ ಸಂಗತಿಯೆಂದರೆ ಇದ್ದ ದೋಣಿಗಳೂ ತುಂಬಲಿಲ್ಲ. 65 ಜನ ಕೂರಬಹುದಾದ ಮೊದಲ ದೋಣಿ ಸುಮಾರು 28 ಜನರನ್ನು ಹೊತ್ತು ಇಳಿಯಿತು. 40 ಜನರ ಇನ್ನೊಂದು ದೋಣಿಯಲ್ಲಿ ಇದ್ದವರು ಹನ್ನೆರಡೇ ಮಂದಿ. ದೀಪ ಉರಿಯುತ್ತಿದ್ದ ಬೆಚ್ಚಗಿನ ಹಡಗನ್ನು ಬಿಟ್ಟು ಕತ್ತಲ ಕಡಲಿಗೆ ಇಳಿಯಲು ಮೊದಮೊದಲು ಅನೇಕರು ಹೆದರಿದರು. ಹಡಗು ಮುಳುಗುತ್ತದೆ ಎಂದು ಅವರಿಗೆ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ.

'ಮೊದಲು ಹೆಂಗಸರು, ಮಕ್ಕಳು' - ಆದರೆ ಯಾವ ಹೆಂಗಸರು?

ಆ ರಾತ್ರಿಯ ಆಜ್ಞೆ 'ಮೊದಲು ಹೆಂಗಸರು ಮತ್ತು ಮಕ್ಕಳು' ಎಂದಿತ್ತು. ಇದು ನಿಜ. ಇದರ ಫಲವೇನಾಯಿತು ಎಂಬುದನ್ನು ಬ್ರಿಟಿಷ್ ವಿಚಾರಣೆಯ ಲೆಕ್ಕವೇ ಹೇಳುತ್ತದೆ. ಮೊದಲ ದರ್ಜೆಯ 144 ಮಹಿಳೆಯರಲ್ಲಿ ಸತ್ತವರು 4. ಮೂರನೇ ದರ್ಜೆಯ 165 ಮಹಿಳೆಯರಲ್ಲಿ ಸತ್ತವರು 89. ಮೊದಲ ದರ್ಜೆಯ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದರು, ಎರಡನೇ ದರ್ಜೆಯ 24 ಮಕ್ಕಳೂ ಬದುಕಿದರು. ಮೂರನೇ ದರ್ಜೆಯ 79 ಮಕ್ಕಳಲ್ಲಿ 52 ಮಕ್ಕಳು ಮನೆ ಸೇರಲಿಲ್ಲ. ಮೊದಲ ದರ್ಜೆಯ ಗಂಡಸರಲ್ಲಿ ಮೂರರಲ್ಲೊಂದು ಪಾಲು ಉಳಿದರು. ಮೂರನೇ ದರ್ಜೆಯ ಮಕ್ಕಳಲ್ಲೂ ಉಳಿದದ್ದು ಅಷ್ಟೇ ಪಾಲು. ಈ ಒಂದು ಸಾಲನ್ನು ಎರಡು ಬಾರಿ ಓದಿ.

ಬಡವರನ್ನು ಕಬ್ಬಿಣದ ಬಾಗಿಲ ಹಿಂದೆ ಕೂಡಿಹಾಕಿದ್ದನ್ನು ಸಿನಿಮಾ ತೋರಿಸುತ್ತದೆ. ನೆಲದಿಂದ ಮಾಳಿಗೆಯವರೆಗಿನ ಅಂಥ ಬಾಗಿಲುಗಳಿಗೆ ಪುರಾವೆ ಇಲ್ಲ. ಆದರೆ ಅಮೆರಿಕದ ವಲಸೆ ನಿಯಮದಂತೆ ಮೂರನೇ ದರ್ಜೆಯವರನ್ನು ಬೇರೆ ಇಡಲು ತಡೆಗಳಿದ್ದವು. ಅವರ ಕೋಣೆಗಳಿಂದ ದೋಣಿಯವರೆಗಿನ ದಾರಿ ಸುತ್ತುಬಳಸಿನದು, ದಾರಿ ತೋರಿಸುವವರು ಕಡಿಮೆ. ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಬಾರದು. ಇಂದಿನ ಲೆಬನಾನಿನ ಹಳ್ಳಿಗಳಿಂದ ಹೊರಟ, ಅರಬಿ ಮಾತಾಡುವ ಕುಟುಂಬಗಳೂ ಅಲ್ಲಿದ್ದವು. ಬೇಕೆಂದೇ ಯಾರನ್ನೂ ತಡೆಯಲಿಲ್ಲ ಎಂದು ಬ್ರಿಟಿಷ್ ವಿಚಾರಣೆ ತೀರ್ಪಿತ್ತಿತು. ಆ ವಿಚಾರಣೆಯಲ್ಲಿ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕರನ್ನೂ ಸಾಕ್ಷಿಗೆ ಕರೆದಿರಲಿಲ್ಲ.

ಗುಂಟೂರಿನಿಂದ ಹೋದ ಹುಡುಗಿ

ನಮ್ಮ ಕಡೆಯ ಹಳೆಯ ಮೀಟರ್ ಗೇಜ್ ರೈಲು ಗದಗದಿಂದ ಬಳ್ಳಾರಿ, ಗುಂತಕಲ್ ದಾಟಿ ಆಂಧ್ರದ ಕರಾವಳಿಯ ಕಡೆಗೆ ಓಡುತ್ತಿತ್ತು. ಆ ಕಡೆಯ ಗುಂಟೂರಿನಲ್ಲಿ ಹುಟ್ಟಿದ ರೂತ್ ಬೆಕರ್ ಎಂಬ 12 ವರ್ಷದ ಹುಡುಗಿಯೂ ಟೈಟಾನಿಕ್ಕಿನಲ್ಲಿದ್ದಳು. ತಂದೆ ಅಲ್ಲಿ ಮಿಷನರಿ. ಪುಟ್ಟ ತಮ್ಮನಿಗೆ ಕಾಯಿಲೆ. ಚಿಕಿತ್ಸೆಗೆಂದು ತಾಯಿ ಮೂವರು ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟಿದ್ದರು.

ಆ ರಾತ್ರಿ ತಾಯಿ ಕಂಬಳಿ ತರಲು ರೂತ್‌ಳನ್ನು ಕೋಣೆಗೆ ಕಳಿಸಿದರು. ನಂತರ ತಮ್ಮ-ತಂಗಿಯನ್ನು ಒಂದು ದೋಣಿಗೆ ಹಾಕಿದರು, ತಾಯಿಯೂ ಅದಕ್ಕೆ ಹಾರಿದರು. ಜಾಗ ತುಂಬಿತೆಂದು ರೂತ್‌ಳನ್ನು ಬಿಟ್ಟರು. ಮುಂದಿನ ದೋಣಿ ಹತ್ತು ಎಂದು ತಾಯಿ ಕೂಗಿ ಹೇಳಿದರು. ಆಕೆ 13ನೇ ದೋಣಿ ಹತ್ತಿದಳು. ಅಲ್ಲಿ ತೆಳು ಬಟ್ಟೆಯಲ್ಲಿ ನಡುಗುತ್ತಿದ್ದ ಬೆಂಕಿಕೋಣೆಯ ಕೆಲಸಗಾರರಿಗೆ ತನ್ನ ಕಂಬಳಿಗಳನ್ನು ಹಂಚಿದಳು. ನಾಲ್ವರೂ ಬದುಕಿದರು. ರೂತ್ ಮುಂದೆ ಶಾಲಾ ಶಿಕ್ಷಕಿಯಾಗಿ 1990ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ನೀಲಿ ವಜ್ರದ ಕಥೆಗಿಂತ ಈ ಕಂಬಳಿಯ ಕಥೆ ನಮ್ಮ ಹುಡುಗಿಯರಿಗೆ ಹೆಚ್ಚು ಹತ್ತಿರದ್ದಲ್ಲವೇ?

ತೇಲುವ ಹಲಗೆಯ ಮೇಲೆ

ರೋಸ್ ಹಲಗೆಯ ಮೇಲೆ ತೇಲುವ ದೃಶ್ಯ ಎಲ್ಲರಿಗೂ ನೆನಪಿದೆ. ಹಾಗೆ ಬದುಕಿದ ನಿಜವಾದ ವ್ಯಕ್ತಿ ಒಬ್ಬ ಚೀನೀ ಕಾರ್ಮಿಕ, ಫಾಂಗ್ ಲಾಂಗ್. ಮರದ ತುಂಡಿನ ಮೇಲಿದ್ದ ಆತನನ್ನು ಹಿಂತಿರುಗಿ ಬಂದ ದೋಣಿಯವರು ಎತ್ತಿಕೊಂಡರು. ಈ ದೃಶ್ಯವನ್ನು ಕ್ಯಾಮರೂನ್ ಚಿತ್ರೀಕರಿಸಿದರು, ಆದರೆ ಕೊನೆಗೆ ಕತ್ತರಿಸಿ ತೆಗೆದರು. ಹಡಗಿನಲ್ಲಿದ್ದ ಎಂಟು ಚೀನೀಯರಲ್ಲಿ ಆರು ಮಂದಿ ಉಳಿದರು. ಹೆಂಗಸರ ವೇಷ ಹಾಕಿ ದೋಣಿಯಲ್ಲಿ ಅಡಗಿದ್ದರೆಂದು ಅಂದಿನ ಪತ್ರಿಕೆಗಳು ಅವರ ಮೇಲೆ ಸುಳ್ಳು ಹೊರಿಸಿದವು. ಬದುಕುಳಿದ ಉಳಿದವರಿಗೆಲ್ಲ ನ್ಯೂಯಾರ್ಕಿನಲ್ಲಿ ಆಸರೆ ಸಿಕ್ಕಿತು. ಇವರನ್ನು ಮಾತ್ರ ಚೀನೀಯರ ಪ್ರವೇಶ ನಿಷೇಧಿಸುವ ಕಾನೂನಿನ ಹೆಸರಲ್ಲಿ ಒಂದೇ ದಿನದೊಳಗೆ ಹೊರಗೆ ಕಳಿಸಲಾಯಿತು.

ಹಾಜಿಗಳನ್ನು ಬಿಟ್ಟು ಓಡಿದ ಕಪ್ತಾನ

ಹೀಗೆ ಕಥೆಯಲ್ಲಿ ಕಳೆದುಹೋದವರು ಟೈಟಾನಿಕ್ಕಿಗಿಂತ ಮೊದಲೂ ಇದ್ದರು. 1880ರ ಜುಲೈನಲ್ಲಿ 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು 'ಜಿದ್ದಾ' ಎಂಬ ಹಡಗು ಪೆನಾಂಗ್‌ನಿಂದ ಹೊರಟಿತು. ಹೆಂಗಸರು, ಮಕ್ಕಳು ಅದರಲ್ಲಿದ್ದರು. ಆಫ್ರಿಕಾದ ಮೂಲೆಯ ಬಳಿ ಬಿರುಗಾಳಿಗೆ ಸಿಕ್ಕಿ ನೀರು ನುಗ್ಗಿತು. ಯಾತ್ರಿಕರು ನೀರು ಹೊರಚೆಲ್ಲಲು ದುಡಿಯುತ್ತಿದ್ದರು. ಆಗಸ್ಟ್ 8ರ ರಾತ್ರಿ ಕಪ್ತಾನ ತನ್ನ ಹೆಂಡತಿ ಮತ್ತು ಅಧಿಕಾರಿಗಳೊಂದಿಗೆ ದೋಣಿಯಿಳಿಸಿ ಹೊರಟುಹೋದ. ಬೇರೊಂದು ಹಡಗು ಅವರನ್ನು ಏಡನ್‌ಗೆ ತಲುಪಿಸಿತು. ಹಡಗು ಮುಳುಗಿತು, ಯಾತ್ರಿಕರೆಲ್ಲ ಹೋದರು ಎಂದು ಅಲ್ಲಿ ಹೇಳಿದರು. ಮರುದಿನವೇ 'ಆಂಟೆನರ್' ಎಂಬ ಹಡಗು 'ಜಿದ್ದಾ'ವನ್ನು ಎಳೆದುಕೊಂಡು ಏಡನ್ ಬಂದರಿಗೆ ಬಂತು. ಯಾತ್ರಿಕರು ಜೀವಂತವಾಗಿದ್ದರು! ಕಪ್ತಾನನಿಗೆ ಸಿಕ್ಕ ಶಿಕ್ಷೆ ಮೂರು ವರ್ಷ ಪರವಾನಗಿ ಅಮಾನತು, ಅಷ್ಟೇ.

ಈ ಘಟನೆಯನ್ನು ಆಧರಿಸಿ ಜೋಸೆಫ್ ಕಾನ್ರಾಡ್ 1900ರಲ್ಲಿ 'ಲಾರ್ಡ್ ಜಿಮ್' ಕಾದಂಬರಿ ಬರೆದರು, 1965ರಲ್ಲಿ ಅದು ಸಿನಿಮಾ ಆಯಿತು. ಕಥೆಯ ನಾಯಕ ಯಾರು ಗೊತ್ತೇ? ಓಡಿಹೋದ ಅಧಿಕಾರಿ. ಅವನ ಪಶ್ಚಾತ್ತಾಪವೇ ಕಥೆ. ಹಡಗಿನಲ್ಲಿ ಉಳಿದ ಯಾತ್ರಿಕರು ಅಲ್ಲಿ ಬರೀ ಗುಂಪು.

ನಮ್ಮ ನೀರು, ನಮ್ಮ ದೋಣಿ

ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಲಂಡನ್ನಿನಲ್ಲಿ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು: ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ ಇರಬೇಕು. ಇದನ್ನು ನಾನಿಗೆ ಹೇಳಿದಾಗ ಅವರಿಗೆ ತಮ್ಮ ಹಜ್ ನೆನಪಾಯಿತು. 1976ರಲ್ಲಿ ನಾನಾ ಜೊತೆ ಮಲ್ಲಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿ ಸೇರಿ, ಅಲ್ಲಿಂದ ಹಡಗಿನಲ್ಲಿ ಜಿದ್ದಾಕ್ಕೆ ಹೋದವರು ಅವರು. 1995ರವರೆಗೆ ನಮ್ಮ ದೇಶದ ಹಾಜಿಗಳು ಹಾಗೆ ಹೋಗುತ್ತಿದ್ದರು. "ಹಡಗ ಹತ್ತಿದ ಮರುದಿನ ಎಲ್ಲಾರಿಗೂ ಎದಿಗೆ ಪಟ್ಟಿ ಕಟ್ಟಿಸಿ, ನಿಮ್ಮ ದೋಣಿ ಇದು ಅಂತ ತೋರಿಸಿದ್ರು. ನಾನು ನಕ್ಕಿದ್ದೆ" ಎಂದರು. ತಾವು ನಕ್ಕ ಆ ಪಟ್ಟಿಯ ಹಿಂದೆ ಸಾವಿರದೈನೂರು ಜನರ ಸಾವಿತ್ತೆಂದು ಅವರಿಗೆ ಅಂದು ಗೊತ್ತಿರಲಿಲ್ಲ.

ಆದರೆ ನಿಯಮ ಕಾಗದದಲ್ಲಿದ್ದರೆ ಸಾಲದು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದೇ ವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣದ ಹೊಳೆಆಲೂರು ಭಾಗದ ಜನ ಮನೆ ಬಿಟ್ಟು ಹೊರಟರು. ಕಡಲು ಕಾಣದ ನಮ್ಮ ಊರುಗಳಲ್ಲೂ ಅಂದು ನೀರಿನ ಭಯ ಏನೆಂದು ಗೊತ್ತಾಯಿತು. ಆದ್ದರಿಂದ ದೋಣಿ ಹತ್ತುವಾಗ ಜಾಕೆಟ್ ಎಲ್ಲಿ ಎಂದು ಕೇಳಲು ನಾವು ನಾಚಬಾರದು. ಎಷ್ಟು ಜನ ಹತ್ತಿದ್ದಾರೆ ಎಂದು ಎಣಿಸಲು ಮಕ್ಕಳಿಗೆ ಕಲಿಸಬೇಕು.

ಸಂಜೆ ಚಹಾ ಕುಡಿಯುವಾಗ ಇಷ್ಟನ್ನೂ ಹುಡುಗಿಯರಿಗೆ ಹೇಳಿದೆ. ಮಾಮುವಿನ ಕಿರಿಯ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆಪಾ, ಆ 52 ಮಕ್ಕಳ ಹೆಸರು ಎಲ್ಲ್ಯರ ಬರದಾರೇನ್ರಿ?"

ಬರೆದಿದ್ದಾರೆ, ಪ್ರಯಾಣಿಕರ ಪಟ್ಟಿಯಲ್ಲಿ ಹೆಸರುಗಳಿವೆ ಎಂದೆ. ನಾನಿ ತಸ್ಬೀಹ್ ಕೆಳಗಿಟ್ಟು ದುಆಕ್ಕೆ ಕೈ ಎತ್ತಿದರು.