ಪುಟ್ಟ ಕ್ಲಿಪ್ ಯಾಕೆ ಹಾರುತ್ತದೆ?

ಮಕ್ಕಳೇ, ಆರ್ಕೇಡ್ ಆಟದ ಎಷ್ಟೋ ಜಾಯ್‌ಸ್ಟಿಕ್‌ಗಳಲ್ಲಿ ಹಿಡಿಕೋಲಿನ ಕೆಳತುದಿಯ ಕಚ್ಚಿನೊಳಗೆ, ಇಂಗ್ಲಿಷಿನ ‘ಇ’ ಅಕ್ಷರದಂಥ ಉಕ್ಕಿನ ಕ್ಲಿಪ್ ಕೂತಿರುತ್ತದೆ. ಸ್ಪ್ರಿಂಗು ಕಳಚಿ ಬೀಳದಂತೆ ತಡೆಯುವುದು ಅದೇ.

ತೆಗೆಯುವಾಗ ಕ್ಲಿಪ್ಪಿನ ಬಾಯಿ ತುಸು ಅಗಲವಾಗುತ್ತದೆ. ನಾವು ಮಾಡಿದ ಕೆಲಸ ಬಾಗಿದ ಉಕ್ಕಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಸೇರಿಕೊಳ್ಳುತ್ತದೆ. ಕಚ್ಚು ಬಿಟ್ಟ ಕೂಡಲೇ ಅದು ಚಲನ ಶಕ್ತಿಯಾಗಿ ಬದಲಾಗಿ, ಕ್ಲಿಪ್ ಟಪ್ಪನೆ ಹಾರ್ತದೆ. ಕಣ್ಣಿಗೆ ಬಡಿದರೆ ಅಪಾಯ ಉಂಟು!

ಹಾಗಾಗಿ ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ, ರಕ್ಷಣಾ ಕನ್ನಡಕ ಹಾಕಿ. ಸ್ಪ್ರಿಂಗನ್ನು ಒತ್ತಿ ಹಿಡಿದರೆ ಕ್ಲಿಪ್ಪಿನ ಮೇಲಿನ ಬಲ ತಗ್ಗುತ್ತದೆ. ಮೇಲೊಂದು ಬಟ್ಟೆ ಮುಚ್ಚಿ, ತೆರೆದ ಬಾಯಿಯ ಕಡೆಯಿಂದ ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಮೆಲ್ಲನೆ ತಳ್ಳಿ.

ಅತಿಯಾಗಿ ಬಗ್ಗಿದ ಉಕ್ಕು ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಸಡಿಲಾದ ಕ್ಲಿಪ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ.